ಯಾರ ತಕ್ಕಡಿಯಲ್ಲಿ ನಮ್ಮ ಬದುಕು?

ಕನ್ನಡದ ತರುಣ ತರುಣಿಯರೇ,

ನಾಲ್ಕಾಣೆ! ಹೌದು, ಬರೀ ನಾಲ್ಕಾಣೆ!

2025ರ ಅಕ್ಟೋಬರ್ ತಿಂಗಳಲ್ಲಿ ಈ ದೇಶದಲ್ಲಿ ಬೆಲೆ ಎಷ್ಟು ಏರಿದೆ ಎಂಬ ಪ್ರಶ್ನೆಗೆ ದೆಹಲಿ ಕೊಟ್ಟ ಉತ್ತರ ಇದು. ಒಂದು ವರ್ಷದ ಹಿಂದೆ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಈಗ ನೂರು ರೂಪಾಯಿ ನಾಲ್ಕಾಣೆ. ಶೇಕಡಾ 0.25. 2012ನ್ನು ಆಧಾರ ವರ್ಷ ಮಾಡಿಕೊಂಡ ಗ್ರಾಹಕ ಬೆಲೆ ಸೂಚ್ಯಂಕದ ಸರಣಿಯಲ್ಲಿ ಅಷ್ಟು ಕೆಳಗಿನ ಅಂಕಿ ಅದುವರೆಗೆ ಬಂದಿರಲಿಲ್ಲ. ನಾಲ್ಕಾಣೆಯ ನಾಣ್ಯವೇ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಆದರೂ ನಮ್ಮ ಜೇಬಿನಿಂದ ಹೆಚ್ಚಿಗೆ ಹೋದದ್ದು ಅಷ್ಟೇ ಎಂದು ನಾವು ನಂಬಬೇಕಂತೆ!

ನಂಬುತ್ತೀರಾ? ಅದೇ 2025ರ ಲೆಕ್ಕವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಜನವರಿ 5ರಂದು ಸರ್ಕಾರಿ ಬಸ್ಸಿನ ದರ ಶೇಕಡಾ 15 ಏರಿತು. ಫೆಬ್ರವರಿ 9ರಂದು ನಮ್ಮ ಮೆಟ್ರೋದ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹಾರಿತು. ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಅದೇ ತಿಂಗಳು ಬೆಂಗಳೂರು ಜಲಮಂಡಳಿ ನೀರಿನ ದರ ಏರಿಸಿತು. ಬಸ್ಸು, ಮೆಟ್ರೋ, ಹಾಲು, ನೀರು ನಾಲ್ಕೂ ಏರಿದ ವರ್ಷದ ಕೊನೆಗೆ ಬಂದ ತೀರ್ಪು ನಾಲ್ಕಾಣೆ!

ಅಂಕಿ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಅದು ಇನ್ನೂ ಅಪಾಯದ ಮಾತು. ಅಂಕಿ ಸರಿ, ಆದರೆ ಅದು ನಮ್ಮದಲ್ಲ! ಅದೇ ತಿಂಗಳ ಅದೇ ಸರ್ಕಾರಿ ಪಟ್ಟಿಯಲ್ಲಿ ರಾಜ್ಯವಾರು ಅಂಕಿಗಳೂ ಇದ್ದವು. ಕೇರಳದಲ್ಲಿ ಬೆಲೆ ಏರಿದ್ದು ಶೇಕಡಾ 8.56. ಕರ್ನಾಟಕದಲ್ಲಿ ಶೇಕಡಾ 2.34. ಬಿಹಾರ, ಉತ್ತರ ಪ್ರದೇಶಗಳಲ್ಲಿ ಸೊನ್ನೆಗಿಂತ ಕೆಳಗೆ, ಅಂದರೆ ಬೆಲೆ ಇಳಿದಿತ್ತು. ಇವನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಕಲಕಿದಾಗ ಸಿಕ್ಕಿದ್ದು ನಾಲ್ಕಾಣೆ. ಕರ್ನಾಟಕದ ಏರಿಕೆ ದೇಶದ ಅಂಕಿಯ ಒಂಬತ್ತು ಪಟ್ಟಿಗೂ ಹೆಚ್ಚು. ಇದನ್ನು ನಿಮಗೆ ಎಷ್ಟು ಜನ ಹೇಳಿದರು? ಎಷ್ಟು ಪತ್ರಿಕೆಗಳ ಮುಖಪುಟದಲ್ಲಿ ನೋಡಿದಿರಿ?

ಬುಟ್ಟಿ ಯಾರದು, ಬೇಳೆ ಯಾರದು?

ಸೂಚ್ಯಂಕ ಎಂದರೆ ಬ್ರಹ್ಮವಿದ್ಯೆಯಲ್ಲ. ಒಂದು ಬುಟ್ಟಿ. ಒಂದು ಕುಟುಂಬ ತಿಂಗಳಿಗೆ ಏನೇನು ಕೊಳ್ಳುತ್ತದೆ ಎಂದು ಸಮೀಕ್ಷೆ ಮಾಡಿ, ಆ ಸಾಮಾನುಗಳನ್ನೆಲ್ಲ ಬುಟ್ಟಿಗೆ ಹಾಕುತ್ತಾರೆ. ಯಾವುದಕ್ಕೆ ಹೆಚ್ಚು ಖರ್ಚೋ ಅದಕ್ಕೆ ಹೆಚ್ಚು ತೂಕ. ಆಧಾರ ವರ್ಷದಲ್ಲಿ ಬುಟ್ಟಿಯ ಬೆಲೆಯನ್ನು 100 ಎಂದು ಇಟ್ಟುಕೊಂಡು, ಅದೇ ಬುಟ್ಟಿಗೆ ಈಗ ಎಷ್ಟಾಗುತ್ತದೆ ಎಂದು ಪ್ರತಿ ತಿಂಗಳು ನೋಡುತ್ತಾರೆ. 100 ಇದ್ದದ್ದು 150 ಆದರೆ ಬೆಲೆ ಒಂದೂವರೆ ಪಟ್ಟು ಆಯಿತು ಎಂದರ್ಥ. ಅಷ್ಟೇ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಬುಟ್ಟಿಯದ್ದು. ಯಾರ ಮನೆಯ ಬುಟ್ಟಿ? ಯಾವ ಊರಿನದು? ಯಾವ ಕಾಲದ್ದು?

ಕಲಬುರಗಿಯ ಮನೆಯಲ್ಲಿ ಜೋಳದ ರೊಟ್ಟಿ. ಮಂಡ್ಯದಲ್ಲಿ ರಾಗಿ ಮುದ್ದೆ. ಮಂಗಳೂರಿನಲ್ಲಿ ಕುಚ್ಚಲಕ್ಕಿ, ಮೀನು, ತೆಂಗಿನೆಣ್ಣೆ. ಧಾರವಾಡದಲ್ಲಿ ಶೇಂಗಾ ಎಣ್ಣೆ. 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಗಗನಕ್ಕೇರಿತು. ಕೇರಳದ ಅಂಕಿ ಅಷ್ಟು ಮೇಲೇರಲು ಅದೂ ಒಂದು ಕಾರಣ. ಮಂಗಳೂರಿನ ತಾಯಿಗೂ ಅದೇ ಎಣ್ಣೆ ಬೇಕು, ಆದರೆ ಅವಳ ಲೆಕ್ಕ ಸೇರುವುದು ಕೇರಳದ ಪಟ್ಟಿಗಲ್ಲ, ಕರ್ನಾಟಕದ ಸರಾಸರಿಗೆ. ಅಲ್ಲಿ ಆಕೆಯ ತೆಂಗಿನೆಣ್ಣೆಯನ್ನು ರಾಯಚೂರಿನ ಜೋಳ ತಣ್ಣಗೆ ಮುಚ್ಚಿಹಾಕುತ್ತದೆ! ಸರಾಸರಿ ದೆಹಲಿಯದ್ದಾದರೇನು, ಬೆಂಗಳೂರಿನದ್ದಾದರೇನು? ಮುಚ್ಚುವ ಕೆಲಸ ಒಂದೇ.

ಇನ್ನು ಕಾಲ. 2025ರ ಆ ನಾಲ್ಕಾಣೆಯನ್ನು ಅಳೆದ ಬುಟ್ಟಿ ಕಟ್ಟಿದ್ದು 2011-12ರ ಖರ್ಚಿನ ಸಮೀಕ್ಷೆಯಿಂದ. ನಮ್ಮ ಮೆಟ್ರೋದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ. ಆ ಬುಟ್ಟಿ ಕಟ್ಟುವಾಗ ನಿಮ್ಮಲ್ಲಿ ಅನೇಕರು ಪ್ರಾಥಮಿಕ ಶಾಲೆಯಲ್ಲಿದ್ದಿರಿ. ಮೊಬೈಲ್ ಡೇಟಾ, ಆ್ಯಪ್‌ನಲ್ಲಿ ತರಿಸುವ ಊಟ, ಪಿಜಿ ಬಾಡಿಗೆ, ಇವತ್ತಿನ ನಿಮ್ಮ ಖರ್ಚಿನ ಅರ್ಧ ಭಾಗಕ್ಕೆ ಅಲ್ಲಿ ಇವತ್ತಿನ ತೂಕ ಎಲ್ಲಿಂದ ಬರಬೇಕು? 2026ರ ಫೆಬ್ರವರಿಯಲ್ಲಿ ಕೊನೆಗೂ 2024ರ ಆಧಾರದ ಹೊಸ ಸರಣಿ ಬಂತು, 2023-24ರ ಸಮೀಕ್ಷೆಯ ಬುಟ್ಟಿಯೊಂದಿಗೆ. ಒಳ್ಳೆಯದು. ಆದರೆ ಹಳೆಯ ಬುಟ್ಟಿಯಲ್ಲಿ ತೂಗಿಸಿಕೊಂಡ ವರ್ಷಗಳನ್ನು ನಮಗೆ ಯಾರು ವಾಪಸು ಕೊಡುತ್ತಾರೆ?

ಇದು ಪಟ್ಟಣದವರ ಕಥೆಯಾಯಿತು. ಕೃಷಿ ಕೂಲಿಗಳ ಕಥೆ ಕೇಳಿದರೆ ಎದೆ ಒಡೆಯುತ್ತದೆ. ಅವರಿಗೆಂದೇ ಬೇರೆ ಸೂಚ್ಯಂಕ ಇದೆ. ಉದ್ಯೋಗ ಖಾತ್ರಿಯ ಕೂಲಿಯನ್ನು ಪ್ರತಿ ವರ್ಷ ಪರಿಷ್ಕರಿಸುತ್ತಿದ್ದದ್ದು ಅದೇ ಸೂಚ್ಯಂಕದ ಮೇಲೆ. ಅದರ ಆಧಾರ ವರ್ಷ 1986-87. ಅದರ ಬುಟ್ಟಿ 1983ರ ಸಮೀಕ್ಷೆಯದ್ದು. ಈ ಬುಟ್ಟಿಯನ್ನು ಬದಲಿಸಿ 2019ರ ಆಧಾರದ ಹೊಸ ಸರಣಿ ಬಂದದ್ದು ಯಾವಾಗ ಗೊತ್ತೇ? 2025ರ ಜೂನ್ ತಿಂಗಳ ಅಂಕಿಯೊಂದಿಗೆ! ನಲವತ್ತು ವರ್ಷಕ್ಕೂ ಹಿಂದಿನ ಹೊಟ್ಟೆಯ ಅಳತೆಯಲ್ಲಿ ಇವತ್ತಿನ ಹೊಟ್ಟೆಗೆ ಅನ್ನ ಹಾಕಿದರು. ಮಗಳು ಕೂಲಿಗೆ ಹೋಗುವ ಕಾಲಕ್ಕೂ ಅಜ್ಜಿಯ ಸಂತೆ ಚೀಲವೇ ಲೆಕ್ಕಕ್ಕೆ!

ಮರ್ಕೆರಾ ಎಂಬ ಊರು ಎಲ್ಲಿದೆ?

ನೌಕರರ ತುಟ್ಟಿಭತ್ಯೆಗೆ ಇನ್ನೊಂದು ಸೂಚ್ಯಂಕವಿದೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಇದನ್ನು ತಯಾರಿಸುವುದು ಕೇಂದ್ರದ ಲೇಬರ್ ಬ್ಯೂರೋ. ಕಾರ್ಖಾನೆ, ಗಣಿ, ತೋಟ, ರೈಲ್ವೆ, ಸಾರಿಗೆ, ವಿದ್ಯುತ್, ಬಂದರು ಈ ಏಳು ವಲಯದ ಕಾರ್ಮಿಕ ಕುಟುಂಬಗಳ ಬುಟ್ಟಿ ಅದು. ಕೇಂದ್ರ ನೌಕರರ ತುಟ್ಟಿಭತ್ಯೆ ಇದರ ಅಖಿಲ ಭಾರತ ಅಂಕಿಯ ಹನ್ನೆರಡು ತಿಂಗಳ ಸರಾಸರಿಯ ಮೇಲೆ ನಿಂತಿದೆ. ನಮ್ಮ ರಾಜ್ಯ ಸರ್ಕಾರಿ ನೌಕರರ ಭತ್ಯೆಯೂ ಕೇಂದ್ರದ ದರದ ಬೆನ್ನು ಹಿಡಿದೇ ಹೋಗುತ್ತದೆ. ಅಂದರೆ ಕಾರವಾರದ ಗುಮಾಸ್ತ, ಬೀದರಿನ ಮೇಷ್ಟ್ರು, ಬೆಂಗಳೂರಿನ ಪೇದೆ ಮೂವರ ಮನೆ ಖರ್ಚನ್ನೂ ಅಳೆಯುವುದು ಒಂದೇ ಅಖಿಲ ಭಾರತ ಕೋಲು.

ಆ ಕೋಲಿನಲ್ಲಿ ಕರ್ನಾಟಕದ ಗೆರೆಗಳು ಎಷ್ಟು? 2001ರ ಆಧಾರದ ಸರಣಿ ನಡೆದದ್ದು 2006ರ ಜನವರಿಯಿಂದ 2020ರ ಆಗಸ್ಟ್‌ವರೆಗೆ. ದೇಶದಲ್ಲಿ ಒಟ್ಟು 78 ಕೇಂದ್ರಗಳು. ಕರ್ನಾಟಕದಲ್ಲಿ ನಾಲ್ಕು: ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಡಿಕೇರಿ. ಕರಾವಳಿಯ ಒಂದು ಊರೂ ಇಲ್ಲ! ಕಲಬುರಗಿ, ರಾಯಚೂರು, ಬಳ್ಳಾರಿ, ಬೀದರ್ ಒಂದೂ ಇಲ್ಲ! ಹದಿನಾಲ್ಕೂವರೆ ವರ್ಷ ಹೈದರಾಬಾದ್ ಕರ್ನಾಟಕದ ಬಿಸಿಲಲ್ಲಿ ಬೆವರಿದವರ ಬೆಲೆಪಟ್ಟಿ ಆ ಲೆಕ್ಕದಲ್ಲಿ ಹುಟ್ಟಲೇ ಇಲ್ಲ.

ಇನ್ನೊಂದು ತಮಾಷೆ ನೋಡಿ. ಆ ಪಟ್ಟಿಯಲ್ಲಿ ಮಡಿಕೇರಿ ಎಂದು ಹುಡುಕಿದರೆ ಸಿಗುವುದಿಲ್ಲ. 'ಮರ್ಕೆರಾ' ಎಂದು ಹುಡುಕಬೇಕು! ಬ್ರಿಟಿಷ್ ದೊರೆಗಳು ಮಂಟಪ ಖಾಲಿ ಮಾಡಿ ಹೋಗಿ ಎಷ್ಟು ಕಾಲವಾಯಿತು? ಅವರ ನಾಲಿಗೆ ಹೊರಳದ ಹೆಸರನ್ನು ನಮ್ಮ ಸರ್ಕಾರದ ಕಡತ ಮಾತ್ರ ಹೊತ್ತು ತಿರುಗುತ್ತಿತ್ತು. ಹೆಸರು ಸರಿಯಾಗಿ ಬರೆಯಲು ಬಾರದವರು ನಮ್ಮ ಊರಿನ ಕಾಫಿ, ಅಕ್ಕಿ, ಬಾಡಿಗೆಯನ್ನು ಎಷ್ಟು ಪ್ರೀತಿಯಿಂದ ಅಳೆದಿರಬಹುದು, ನೀವೇ ಊಹಿಸಿ.

2020ರ ಸೆಪ್ಟೆಂಬರ್ ಅಂಕಿಯಿಂದ 2016ರ ಆಧಾರದ ಸರಣಿ ಬಂತು. ಕೇಂದ್ರಗಳು 88ಕ್ಕೆ ಏರಿದವು. ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂತು. ಬುಟ್ಟಿಯಲ್ಲಿ ಆಹಾರದ ತೂಕ ಶೇಕಡಾ 46.2ರಿಂದ 39.17ಕ್ಕೆ ಇಳಿಯಿತು. ಜನ ಬೇರೆ ಬೇರೆ ಖರ್ಚು ಹೆಚ್ಚು ಮಾಡುತ್ತಿದ್ದಾರೆ, ಸಮೀಕ್ಷೆಯಲ್ಲಿ ಹಾಗೆ ಬಂದಿದೆ, ಸರಿ. ಆದರೆ ಇದರ ಪರಿಣಾಮ ತಿಳಿದುಕೊಳ್ಳಿ. ಮುಂದೆ ತರಕಾರಿ, ಬೇಳೆ ಎಷ್ಟೇ ಏರಿದರೂ ಸೂಚ್ಯಂಕ ಮೊದಲಿನಷ್ಟು ಜಿಗಿಯುವುದಿಲ್ಲ. ಸಂಬಳದ ಅರ್ಧಕ್ಕೂ ಹೆಚ್ಚು ಅಂಗಡಿ ಸಾಮಾನಿಗೇ ಸುರಿಯುವ ಬಡ ಮನೆಗೆ, ಏಟು ಬಿದ್ದಷ್ಟು ಗಾಯ ಕಾಗದದ ಮೇಲೆ ಕಾಣುವುದಿಲ್ಲ.

ಸರಾಸರಿಯಲ್ಲಿ ಯಾರೂ ವಾಸ ಮಾಡುವುದಿಲ್ಲ

ಒಂದು ಸಣ್ಣ ಲೆಕ್ಕ. ಕಾಗದ, ಪೆನ್ನು ತೆಗೆದುಕೊಳ್ಳಿ.

ಬೆಂಗಳೂರಿನ ಬಾಡಿಗೆ ಮನೆಯ ಒಂದು ಕುಟುಂಬ. ತಿಂಗಳ ಖರ್ಚು 20,000. ಬಾಡಿಗೆ 8,000, ಊಟ 7,000, ಉಳಿದದ್ದು 5,000. ಊರಿನಲ್ಲಿ ಸ್ವಂತ ಮನೆಯಿರುವ ಇನ್ನೊಂದು ಕುಟುಂಬ. ಅದರದ್ದೂ 20,000. ಬಾಡಿಗೆ ಇಲ್ಲ, ಊಟ 12,000, ಉಳಿದದ್ದು 8,000. ಈಗ ಒಂದು ವರ್ಷದಲ್ಲಿ ಬಾಡಿಗೆ ಶೇಕಡಾ 10 ಏರಿತು, ಆಹಾರ ಏರಲಿಲ್ಲ, ಉಳಿದವು ಶೇಕಡಾ 2 ಏರಿದವು ಎನ್ನಿ. ಬೆಂಗಳೂರಿನ ಮನೆಗೆ 900 ರೂಪಾಯಿ ಹೆಚ್ಚು, ಅಂದರೆ ಶೇಕಡಾ 4.5. ಊರಿನ ಮನೆಗೆ 160 ರೂಪಾಯಿ, ಶೇಕಡಾ 0.8. ಇಬ್ಬರ ಸರಾಸರಿ ಶೇಕಡಾ 2.65. ಮರುವರ್ಷ ಬಾಡಿಗೆ ನಿಂತು ಆಹಾರ ಶೇಕಡಾ 10 ಏರಿದರೆ ಲೆಕ್ಕ ತಲೆಕೆಳಗು: ಬೆಂಗಳೂರಿಗೆ 4, ಊರಿಗೆ 6.8!

2.65 ಎಂಬ ಮನೆಯಲ್ಲಿ ಯಾರು ವಾಸವಾಗಿದ್ದಾರೆ? ಯಾರೂ ಇಲ್ಲ. ಆದರೆ ಇಬ್ಬರ ಸಂಬಳವನ್ನೂ ಏರಿಸುವುದು ಆ ಖಾಲಿ ಮನೆಯ ವಿಳಾಸ ನೋಡಿಯೇ! ನಿಮ್ಮ ಕಂಪನಿಯ ಎಚ್‌ಆರ್ ಸಾಹೇಬರು "ಇನ್‌ಫ್ಲೇಶನ್ ಕಡಿಮೆ ಇದೆಯಲ್ಲಪ್ಪ" ಎಂದು ನಗುತ್ತಾ ಹೈಕ್ ಕಡಿಮೆ ಮಾಡುವುದೂ ಅದೇ ವಿಳಾಸ ತೋರಿಸಿ. ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಶೇಕಡಾ 4ರ ಗುರಿಯೂ ಅಖಿಲ ಭಾರತ ಅಂಕಿಗೇ. ಅಂಕಿ ಕೆಳಗಿದ್ದಾಗ ಬಡ್ಡಿ ಇಳಿಯುತ್ತದೆ. 2025ರ ಡಿಸೆಂಬರ್‌ನಲ್ಲಿ ರೆಪೋ ದರ ಶೇಕಡಾ 5.25ಕ್ಕೆ ಇಳಿಯಿತು. ಸಾಲ ಮಾಡಿದವರಿಗೆ ಹಬ್ಬ. ನಿವೃತ್ತರಾಗಿ ಠೇವಣಿಯ ಬಡ್ಡಿಯಲ್ಲಿ ಮನೆ ನಡೆಸುವ ನಿಮ್ಮ ತಂದೆಗೆ? ಅವರ ಊರಿನಲ್ಲಿ ಬೆಲೆ ಇಳಿದಿದೆಯೇ ಎಂದು ಕೇಳಿದವರು ಯಾರು?

ಒಂದೇ ಊರಿನೊಳಗೂ ಇದೇ ಕಥೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. 2025ರಲ್ಲಿ ದರ ಶೇಕಡಾ 15 ಏರಿದಾಗ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಅಕ್ಕನಿಗೆ ಸೊನ್ನೆ ಟಿಕೆಟ್, ತಮ್ಮನಿಗೆ ಏರಿದ ಟಿಕೆಟ್. ಬಸ್ ದರ ಎಷ್ಟಾಯಿತು ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಿ ನೋಡೋಣ!

ಬಾಡಿಗೆ ಎಂಬ ರಾಕ್ಷಸ

ನಗರದ ಯುವಕರನ್ನು ನುಂಗುವುದು ಬಾಡಿಗೆ. ಸೂಚ್ಯಂಕ ಇದನ್ನು ಹೇಗೆ ಅಳೆಯುತ್ತದೆ? ಗುರುತು ಮಾಡಿಟ್ಟ ಕೆಲವು ಮನೆಗಳಿಗೆ ಹೋಗಿ ಬಾಡಿಗೆ ಕೇಳುತ್ತಾರೆ. ಅಲ್ಲಿ ಹತ್ತು ವರ್ಷದಿಂದ ಇರುವ ಬಾಡಿಗೆದಾರನಿಗೆ ಮಾಲೀಕ ವರ್ಷಕ್ಕೆ ಶೇಕಡಾ 5 ಏರಿಸಿರುತ್ತಾನೆ. ಕೆಲಸ ಸಿಕ್ಕಿತೆಂದು ನಿನ್ನೆ ಹಾಸನದಿಂದ ಬಸ್ಸು ಹತ್ತಿ ಬಂದ ಹುಡುಗನಿಗೆ ಅದೇ ಬೀದಿಯಲ್ಲಿ ಕೇಳುವ ಬಾಡಿಗೆಯೇ ಬೇರೆ. ಹಳೆಯ ಬಾಡಿಗೆ ಲೆಕ್ಕದಲ್ಲಿ ನಿಧಾನವಾಗಿ ತೆವಳುತ್ತದೆ, ಹೊಸ ಬಾಡಿಗೆ ಬೀದಿಯಲ್ಲಿ ಓಡುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಎಂದು ಕೈಚೀಲ ಖಾಲಿ ಮಾಡಿಸುವ ನಮ್ಮ ಊರಿನ ಪದ್ಧತಿಗೆ ತಿಂಗಳ ಬಾಡಿಗೆಯ ಕಾಲಂನಲ್ಲಿ ಜಾಗವೇ ಇಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಎಂದು ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆಗೂ ಇಲ್ಲ.

ಹಳ್ಳಿಯ ಬಾಡಿಗೆ? 2012ರ ಸರಣಿಯಲ್ಲಿ ನಗರದ ಬುಟ್ಟಿಯಲ್ಲಿ ಮನೆಗೆ ಶೇಕಡಾ 21.67 ತೂಕ, ಹಳ್ಳಿಯ ಬುಟ್ಟಿಯಲ್ಲಿ ಸೊನ್ನೆ. ಬೆಂಗಳೂರಿನ ಸುತ್ತ ಕಾರ್ಖಾನೆ ಎದ್ದ ಹಳ್ಳಿಗಳಲ್ಲಿ ಶೀಟಿನ ಮನೆಗೆ ಬಾಡಿಗೆ ಕೊಟ್ಟು ಬದುಕಿದ ಸಾವಿರಾರು ಕಾರ್ಮಿಕರು ಕಾಗದದ ಮೇಲೆ ಬಾಡಿಗೆಯನ್ನೇ ಕೊಡುತ್ತಿರಲಿಲ್ಲ! ಹೊಸ ಸರಣಿಯಲ್ಲಿ ಹಳ್ಳಿಯ ಬಾಡಿಗೆಯನ್ನು ಸೇರಿಸಿದ್ದಾರೆ. ಬುದ್ಧಿ ಬರಲು ಇಷ್ಟು ವರ್ಷ ಬೇಕಾಯಿತು.

ಮನೆ ಬಾಡಿಗೆ ಭತ್ಯೆಯ ಕಥೆ ಇನ್ನೂ ಚೆನ್ನ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಕೇಂದ್ರ ನೌಕರರ ಊರುಗಳಿಗೆ ಮೂರು ದರ್ಜೆ. ಐವತ್ತು ಲಕ್ಷ ಜನಸಂಖ್ಯೆ ದಾಟಿದರೆ ಮೊದಲ ದರ್ಜೆ, ಐದು ಲಕ್ಷ ದಾಟಿದರೆ ಎರಡನೆಯದು, ಉಳಿದವೆಲ್ಲ ಮೂರನೆಯದು. ಗಮನಿಸಿ, ಅಳೆದದ್ದು ಬಾಡಿಗೆಯನ್ನಲ್ಲ, ತಲೆಗಳನ್ನು! ಆ ತಲೆ ಎಣಿಕೆಯೂ 2011ರ ಜನಗಣತಿಯದ್ದು. ಹೋಂಸ್ಟೇಗಳು ಬೆಳೆದು ಬಾಡಿಗೆ ಏರಿದ ಸಣ್ಣ ಊರಿಗೆ ಜನ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೊನೆಯ ದರ್ಜೆ.

ಅಂಶಕ್ಕೆ ನಾಲ್ಕು ಪೈಸೆ

ಸೂಚ್ಯಂಕ ವಿದ್ವಾಂಸರ ಆಟ, ನಮಗೇನು ಎನ್ನುವವರಿಗೆ ಒಂದು ಮಾತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಕೇಳಿ. ಕರ್ನಾಟಕದ ಕನಿಷ್ಠ ವೇತನದ ಅಧಿಸೂಚನೆಗಳಲ್ಲಿ ಬಂದ ಲೆಕ್ಕ ಇದು: ಸೂಚ್ಯಂಕ ಒಂದು ಅಂಶ ಏರಿದರೆ ದಿನಕ್ಕೆ 4 ಪೈಸೆ ತುಟ್ಟಿಭತ್ಯೆ. ಅದೂ 1960ನ್ನು 100 ಎಂದು ಹಿಡಿದ ಹಳೆಯ ಅಳತೆಯಲ್ಲಿ. 350 ಅಂಶ ಏರಿದರೆ ದಿನಕ್ಕೆ 14 ರೂಪಾಯಿ, ಮೂವತ್ತು ದಿನಕ್ಕೆ 420. ಆ ತಾಯಂದಿರಿಗೆ ಬೆಲೆ ಏರಿಕೆಯ ವಿರುದ್ಧ ಇರುವ ಕೊಡೆ ಇಷ್ಟೇ. ಈ ಅಂಶವನ್ನು ತಪ್ಪಾಗಿ ಅಳೆದರೆ ತೂತು ಬೀಳುವುದು ಅದೇ ಕೊಡೆಗೆ.

ಆ ಹರಕು ಕೊಡೆಯನ್ನೂ ಕಿತ್ತುಕೊಂಡರು! 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ನೆಪದಲ್ಲಿ ಅದನ್ನು ಒಂದು ವರ್ಷ ಮುಂದೂಡಿ 2020ರ ಜುಲೈನಲ್ಲಿ ರಾಜ್ಯ ಸರ್ಕಾರವೇ ಆದೇಶ ಮಾಡಿತು. ದೆಹಲಿಯಲ್ಲ ಸ್ವಾಮಿ, ನಮ್ಮ ವಿಧಾನಸೌಧ! ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಕೊಡಬೇಕೆಂದಿತು. ಆದರೂ 2021ರ ಕೊನೆಯಾದರೂ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಹಣ ಬಾಕಿ ಉಳಿದಿತ್ತು. ಆ ವರ್ಷಗಳಲ್ಲಿ ಅಕ್ಕಿ, ಎಣ್ಣೆ, ಬಾಡಿಗೆ ಯಾವುದನ್ನಾದರೂ ಯಾರಾದರೂ ಮುಂದೂಡಿದರೇ?

ಅಂಕಿ ದೇವರ ವಾಕ್ಯವಲ್ಲ

ಸರ್ಕಾರಿ ಅಂಕಿಯನ್ನು ಪ್ರಶ್ನಿಸಲು ನಾವು ಯಾರು ಎಂದು ಹಿಂಜರಿಯಬೇಡಿ. 1963ರಲ್ಲಿ ಬೊಂಬಾಯಿಯ ಕಾರ್ಮಿಕರು ಪ್ರಶ್ನಿಸಿದರು. ನಮ್ಮ ಅಡಿಗೆಮನೆಯಲ್ಲಿ ಏರಿದಷ್ಟು ನಿಮ್ಮ ಸೂಚ್ಯಂಕದಲ್ಲಿ ಏರಿಲ್ಲ, ಲೆಕ್ಕ ತೋರಿಸಿ ಎಂದು ಬೀದಿಗಿಳಿದರು. ಡಿ.ಟಿ. ಲಕಡಾವಾಲಾ ಅವರ ನೇತೃತ್ವದ ಸಮಿತಿ ಕೂತು ನೋಡಿದಾಗ ಸೂಚ್ಯಂಕ ನಿಜವಾದ ಏರಿಕೆಗಿಂತ ಕೆಳಗಿದ್ದದ್ದು ಬಯಲಾಯಿತು. ಅದನ್ನು ತಿದ್ದಬೇಕಾಯಿತು. ಮಗ್ಗದ ಮುಂದೆ ನಿಂತ ಜನ ಅಂಕಿಅಂಶದ ಪಂಡಿತರಿಗೆ ಪಾಠ ಹೇಳಿದರು. ಎಂಜಿನಿಯರಿಂಗ್ ಓದಿದ ನಾವು, ಬಿ.ಕಾಂ. ಮುಗಿಸಿದ ನಾವು ಬಾಯಿಗೆ ಬೀಗ ಹಾಕಿಕೊಂಡಿದ್ದೇವೆ!

ಆದರೆ ಪ್ರಶ್ನಿಸುವವನಿಗೆ ಓದುವುದೂ ಗೊತ್ತಿರಬೇಕು. ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ಬೆಂಗಳೂರಿನ ಸೂಚ್ಯಂಕ 140, ಬೆಳಗಾವಿಯದು 145 ಎಂದಿದ್ದರೆ ಬೆಳಗಾವಿ ತುಟ್ಟಿ ಊರು ಎನ್ನುತ್ತಾರೆ. ಅಲ್ಲ! ಆಧಾರ ವರ್ಷದಲ್ಲಿ ಎರಡೂ ಊರನ್ನು 100 ಎಂದೇ ಇಟ್ಟಿರುತ್ತಾರೆ, ಆಗ ಬೆಂಗಳೂರಿನ ಬಾಡಿಗೆ ಎರಡು ಪಟ್ಟಿದ್ದರೂ ಸರಿಯೇ. ಸೂಚ್ಯಂಕ ಹೇಳುವುದು ಆ ಊರಿನಲ್ಲಿ ಅಂದಿನಿಂದ ಇಂದಿಗೆ ಎಷ್ಟು ಏರಿತು ಎಂದು ಮಾತ್ರ. ಯಾವ ಊರು ಹೆಚ್ಚು ತುಟ್ಟಿ ಎಂಬುದಕ್ಕೆ ಬೇರೆಯೇ ಅಳತೆ ಬೇಕು. ಅಮೆರಿಕದ ಸರ್ಕಾರ ರಾಜ್ಯ ರಾಜ್ಯಗಳ, ನಗರ ನಗರಗಳ ಬೆಲೆ ಮಟ್ಟವನ್ನು ಹೋಲಿಸಿ ಪ್ರತಿ ವರ್ಷ ಪಟ್ಟಿ ಕೊಡುತ್ತದೆ. ನಮ್ಮಲ್ಲಿ ತಲೆ ಎಣಿಸಿ ಭತ್ಯೆ ಕೊಡುತ್ತಾರೆ.

ಇನ್ನೊಂದು ಆಕ್ಷೇಪವೂ ಬರುತ್ತದೆ. ಊರೂರಿಗೆ ಬೇರೆ ಲೆಕ್ಕ ಮಾಡಿದರೆ ಬೆಲೆ ಕಡಿಮೆ ಏರಿದ ಊರಿನವನಿಗೆ ಭತ್ಯೆಯೂ ಕಡಿಮೆಯಾಗುವುದಿಲ್ಲವೇ? ಆಗಬಹುದು. ಕಲಬುರಗಿಯವನ ಅನ್ನದ ತಟ್ಟೆಯಿಂದ ತೆಗೆದು ಬೆಂಗಳೂರಿನವನಿಗೆ ಬಡಿಸಿ ಎಂದು ನಾವು ಕೇಳುತ್ತಿಲ್ಲ. ಅಖಿಲ ಭಾರತ ಅಂಕಿ ನೆಲವಾಗಿರಲಿ. ತನ್ನ ಊರಿನ ಏರಿಕೆ ಅದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನದು ಸಿಗಲಿ. ಸಣ್ಣ ಊರಿನಲ್ಲಿ ಕೆಲವೇ ಅಂಗಡಿಗಳ ಬೆಲೆ ಹಿಡಿದರೆ ಅಂಕಿ ತಿಂಗಳಿಂದ ತಿಂಗಳಿಗೆ ಕುಣಿಯುತ್ತದೆ ಎನ್ನುವುದೂ ನಿಜ. ಹಾಗಾದರೆ ಅಂಗಡಿಗಳನ್ನು ಹೆಚ್ಚಿಸಿ, ವರ್ಷದ ಸರಾಸರಿ ಹಿಡಿಯಿರಿ. ಅಳೆಯಲು ಕಷ್ಟ ಎಂಬುದು ಅಳೆಯದೇ ಇರಲು ಕಾರಣವಲ್ಲ.

ನಮ್ಮ ಬೇಡಿಕೆಗಳು

ಒಂದು: ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಕರ್ನಾಟಕದ ಬೆಲೆ ಸೂಚ್ಯಂಕವನ್ನು ಪ್ರತಿ ತಿಂಗಳು ಅಚ್ಚ ಕನ್ನಡದಲ್ಲಿ, ಓದಿದರೆ ಅರ್ಥವಾಗುವಂತೆ ಪ್ರಕಟಿಸಲಿ. ಕಾರ್ಖಾನೆಯ ಗೇಟಿನಲ್ಲಿ, ತಾಲೂಕು ಕಚೇರಿಯಲ್ಲಿ, ಬಸ್ ನಿಲ್ದಾಣದಲ್ಲಿ ಅಂಟಿಸಲಿ.

ಎರಡು: ರಾಜ್ಯದ ಪ್ರತಿ ಜಿಲ್ಲೆಗೂ ತನ್ನದೇ ಬೆಲೆ ಅಳತೆ ಇರಲಿ. ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕ ಯಾವುದೂ ಇನ್ನು ಮುಂದೆ ಲೆಕ್ಕದ ಹೊರಗೆ ಉಳಿಯಬಾರದು.

ಮೂರು: ಹೊಸದಾಗಿ ಬಾಡಿಗೆಗೆ ಕೊಟ್ಟ ಮನೆಗಳ ಬಾಡಿಗೆಯನ್ನೂ, ಪಿಜಿಗಳ ದರವನ್ನೂ ಬೇರೆಯಾಗಿ ಅಳೆದು ತೋರಿಸಲಿ.

ನಾಲ್ಕು: ಕನಿಷ್ಠ ವೇತನದ ತುಟ್ಟಿಭತ್ಯೆಯನ್ನು ಯಾವ ನೆಪದಲ್ಲೂ ಮುಂದೂಡದಂತೆ ಕಟ್ಟಳೆ ಬರಲಿ. ಪೈಸೆಯ ಲೆಕ್ಕ ಇನ್ನು ಸಾಕು.

ಐದು: ಬುಟ್ಟಿಯನ್ನು ಐದು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಬದಲಿಸಲಿ.

ನೀವು ಮಾಡಬೇಕಾದ್ದು

ಬೇಡಿಕೆ ಬರೆದು ಕೈ ಕಟ್ಟಿ ಕೂತರೆ ಪ್ರಯೋಜನವಿಲ್ಲ. ಇವತ್ತೇ ಒಂದು ಎರಡು ರೂಲಿನ ನೋಟ್‌ಬುಕ್ ತೆಗೆಯಿರಿ. ನಿಮ್ಮ ಬಡಾವಣೆಯಲ್ಲಿ, ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ನಾಲ್ಕೈದು ಜನ ಸೇರಿ. ನೀವು ನಿಜವಾಗಿ ಕೊಳ್ಳುವ ಇಪ್ಪತ್ತು ಸಾಮಾನು ಬರೆಯಿರಿ: ಅಕ್ಕಿ, ಬೇಳೆ, ಎಣ್ಣೆ, ಹಾಲು, ಈರುಳ್ಳಿ, ಕಾಫಿಪುಡಿ, ಗ್ಯಾಸ್, ಬಸ್, ಡೇಟಾ ಪ್ಯಾಕ್, ಹೋಟೆಲಿನ ಒಂದು ಊಟ, ಬಾಡಿಗೆ. ತಿಂಗಳ ಒಂದೇ ದಿನ, ಅದೇ ಅಂಗಡಿ, ಅದೇ ಜಾತಿ, ಅದೇ ತೂಕ. ಮೊದಲ ತಿಂಗಳು ಎಲ್ಲವೂ 100. 60 ರೂಪಾಯಿಯ ಅಕ್ಕಿ 66 ಆದರೆ ಅದು 110. ನೂರು ರೂಪಾಯಿ ಖರ್ಚಿನಲ್ಲಿ ಅಕ್ಕಿಯ ಪಾಲು 10 ಆಗಿದ್ದರೆ ನಿಮ್ಮ ಸೂಚ್ಯಂಕಕ್ಕೆ ಅದು ಕೂಡಿಸಿದ್ದು ಒಂದು ಅಂಶ. ಹೀಗೆ ಇಪ್ಪತ್ತನ್ನೂ ಕೂಡಿಸಿ.

ತೂಕ ನೋಡುವುದನ್ನು ಮರೆಯಬೇಡಿ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಐದೇ ರೂಪಾಯಿ ಇರುತ್ತದೆ, ಒಳಗಿನದು 100 ಗ್ರಾಂ ಇದ್ದದ್ದು 80 ಆಗಿರುತ್ತದೆ. ಅದು ಶೇಕಡಾ 25ರ ಏರಿಕೆ, ಕಂಪನಿ ಬಾಯಿಬಿಟ್ಟು ಹೇಳದ ಏರಿಕೆ.

ಪ್ರತಿ ತಿಂಗಳು 12ರ ಸುಮಾರಿಗೆ ದೆಹಲಿಯ ಅಂಕಿ ಬರುತ್ತದೆ. ಅವತ್ತು ದೇಶದ ಅಂಕಿಯ ಕೆಳಗೆ ಕರ್ನಾಟಕದ ಸಾಲು ಎಲ್ಲಿದೆ ಎಂದು ಹುಡುಕಿ ಓದಿ. ಅದರ ಪಕ್ಕದಲ್ಲಿ ನಿಮ್ಮ ನೋಟ್‌ಬುಕ್ಕಿನ ಅಂಕಿ ಬರೆಯಿರಿ. ನಿಮ್ಮದು ಇಪ್ಪತ್ತು ಸಾಮಾನಿನ ಸಣ್ಣ ಲೆಕ್ಕ, ಅದು ಸರ್ಕಾರದ ಲೆಕ್ಕಕ್ಕೆ ಬದಲಿಯಲ್ಲ. ಆದರೆ ಒಂದು ವರ್ಷ ಬಿಡದೆ ಬರೆದ ಲೆಕ್ಕ ಕೈಯಲ್ಲಿದ್ದರೆ, ಸಂಬಳದ ಮಾತುಕತೆಯ ಮೇಜಿನ ಮುಂದೆ ಕೂತಾಗ ನಿಮ್ಮ ದನಿಯೇ ಬೇರೆ ಇರುತ್ತದೆ. ಕಾರ್ಮಿಕ ಸಂಘದವರಿಗೆ ಕೊಡಿ, ನಿಮ್ಮ ಶಾಸಕರ ಮೇಜಿನ ಮೇಲಿಡಿ, ಉತ್ತರ ಕೇಳಿ. ಉತ್ತರ ಬರುವವರೆಗೆ ಪ್ರತಿ ತಿಂಗಳು ಕೇಳಿ.

ಸಂತೆಯಲ್ಲಿ ಅಂಗಡಿಯವನು ತೂಕ ಮಾಡುವಾಗ ನಮ್ಮ ಅಮ್ಮಂದಿರು ಬಗ್ಗಿ ಮುಳ್ಳನ್ನು ನೋಡುತ್ತಿದ್ದರು. ಮುಳ್ಳು ನಿಲ್ಲುವವರೆಗೆ ದುಡ್ಡು ಕೊಡುತ್ತಿರಲಿಲ್ಲ. ಇಡೀ ನಾಡಿನ ಬದುಕನ್ನು ಯಾರೋ ಎಲ್ಲೋ ತೂಗುತ್ತಿದ್ದಾರೆ. ಬಗ್ಗಿ ಮುಳ್ಳು ನೋಡಿ, ಗೆಳೆಯರೇ!